ಗೋಧಿ ಮಾರ್ಕ್ಸ್ ಕಾರ್ಡ್ ಕೇಳುವುದಿಲ್ಲ

ಎರಡನೇ ಮಹಾಯುದ್ಧ ಮುಗಿದ ಹೊಸತು. ಅಮೆರಿಕದ ಅಲಬಾಮಾ ರಾಜ್ಯದ ಆಬರ್ನ್ ಸುತ್ತಮುತ್ತಲ ಹಳ್ಳಿಗಳಲ್ಲಿ ಥಿಯೋಡರ್ ಶುಲ್ಟ್ಸ್ ಎಂಬ ಅರ್ಥಶಾಸ್ತ್ರಜ್ಞ ರೈತರನ್ನು ಮಾತನಾಡಿಸುತ್ತ ಓಡಾಡುತ್ತಿದ್ದ. ಒಂದು ಮನೆಯಲ್ಲಿ ವಯಸ್ಸಾದ ಗಂಡ ಹೆಂಡತಿ ಸಿಕ್ಕರು. ನೋಡಿದ ಕೂಡಲೇ ಬಡವರೆಂದು ತಿಳಿಯುವಂತಿದ್ದರು. ಆದರೆ ಇಬ್ಬರಲ್ಲೂ ಕೊರಗೆಂಬುದಿಲ್ಲ. ಇಷ್ಟು ಬಡತನದಲ್ಲೂ ಇಷ್ಟು ನೆಮ್ಮದಿ ಹೇಗೆ ಎಂದು ಶುಲ್ಟ್ಸ್ ಕೇಳಿಯೇಬಿಟ್ಟ. ತಾವು ಬಡವರೆಂಬುದನ್ನೇ ಅವರು ಒಪ್ಪಲಿಲ್ಲ. ಜಮೀನಿನಲ್ಲಿದ್ದ ಸತ್ವವನ್ನೆಲ್ಲ ನಾಲ್ಕು ಮಕ್ಕಳ ಕಾಲೇಜಿಗೆ ಸುರಿದಿದ್ದೇವೆ, ಓದಿದ ಮಕ್ಕಳು ಚೆನ್ನಾಗಿ ದುಡಿಯುತ್ತಾರೆ ಎಂಬುದು ಅವರ ಉತ್ತರ.

ಹೊಲ ಮಾರಿ ಮಗನನ್ನು ಇಂಜಿನಿಯರಿಂಗ್‌ಗೆ ಸೇರಿಸಿದ ನಮ್ಮ ಯಾವ ಅಪ್ಪನಾದರೂ ಇದೇ ಮಾತು ಹೇಳಿಯಾನು. ಹೊಸದೇನೂ ಅಲ್ಲ. ಆದರೆ ಆ ಕಾಲದ ಅರ್ಥಶಾಸ್ತ್ರದಲ್ಲಿ ಓದಿಸುವುದೆಂದರೆ ಬಟ್ಟೆ ಕೊಂಡಂತೆ, ಊಟ ಮಾಡಿದಂತೆ ಒಂದು ಖರ್ಚು. ಟ್ರ್ಯಾಕ್ಟರ್ ಕೊಂಡರೆ ಅದು ಬಂಡವಾಳ, ಮಗಳನ್ನು ಕಾಲೇಜಿಗೆ ಕಳಿಸಿದರೆ ಅದು ವೆಚ್ಚ. ಈ ಲೆಕ್ಕದಲ್ಲೇ ಎಲ್ಲೋ ತಪ್ಪಿದೆ ಎಂದು ಶುಲ್ಟ್ಸ್‌ಗೆ ಅನಿಸತೊಡಗಿತು.

ಅವನಿಗೆ ಹಾಗೆ ಅನಿಸಲು ಸ್ವಂತ ಕಾರಣವೂ ಇದ್ದೀತು. 1902ರಲ್ಲಿ ಸೌತ್ ಡಕೋಟಾದ ರೈತ ಕುಟುಂಬದಲ್ಲಿ ಹುಟ್ಟಿದವನು ಶುಲ್ಟ್ಸ್. ಎಂಟನೇ ಇಯತ್ತೆಯಲ್ಲಿದ್ದಾಗ ಅಪ್ಪ ಶಾಲೆ ಬಿಡಿಸಿದ. ಹಿರಿಮಗ ಹೆಚ್ಚು ಓದಿದರೆ ಬೇಸಾಯಕ್ಕೆ ನಿಲ್ಲುವುದಿಲ್ಲ ಎಂಬ ಭಯ ಅಪ್ಪನಿಗೆ. ಆ ಭಯ ಸುಳ್ಳಾಗಲಿಲ್ಲ ಅನ್ನಿ. ಹೈಸ್ಕೂಲಿನ ಮುಖವನ್ನೇ ನೋಡದ ಹುಡುಗ 1921ರಲ್ಲಿ ಚಳಿಗಾಲದ ನಾಲ್ಕು ತಿಂಗಳು ಮಾತ್ರ ನಡೆಯುತ್ತಿದ್ದ ಕೃಷಿ ಕೋರ್ಸಿಗೆ ಸೇರಿ, ಅಲ್ಲಿಂದ ಹತ್ತುತ್ತ ಹತ್ತುತ್ತ 1930ರಲ್ಲಿ ವಿಸ್ಕಾನ್ಸಿನ್‌ನಲ್ಲಿ ಪಿಎಚ್‌ಡಿ ಮುಗಿಸಿದ. ಓದಿಗೆ ಬೆಲೆ ಕಟ್ಟಿದ ಮನುಷ್ಯನ ಬಳಿ ಹೈಸ್ಕೂಲ್ ಸರ್ಟಿಫಿಕೇಟೇ ಇರಲಿಲ್ಲ.

ಇತ್ತ ಅರ್ಥಶಾಸ್ತ್ರಜ್ಞರಿಗೆ ಬೇರೊಂದು ತಲೆನೋವು ಶುರುವಾಗಿತ್ತು. ದೇಶದ ಉತ್ಪಾದನೆ ಏರಿದ್ದಕ್ಕೆ ಕಾರಣ ಹುಡುಕಿದರೆ ಲೆಕ್ಕ ಕೂಡಿಬರುತ್ತಿರಲಿಲ್ಲ. ರಾಬರ್ಟ್ ಸೋಲೊ 1957ರಲ್ಲಿ 1909ರಿಂದ 1949ರವರೆಗಿನ ಅಮೆರಿಕದ ಅಂಕಿ ಅಂಶ ಹಿಡಿದು ಕೂತ. ಒಬ್ಬ ಕಾರ್ಮಿಕ ಗಂಟೆಗೆ ಮಾಡುವ ಕೆಲಸ ಆ ನಲವತ್ತು ವರ್ಷಗಳಲ್ಲಿ ದುಪ್ಪಟ್ಟಾಗಿತ್ತು. ಅದರಲ್ಲಿ ಯಂತ್ರಗಳು ಹೆಚ್ಚಾದದ್ದರಿಂದ ಬಂದದ್ದು ಎಂಟರಲ್ಲಿ ಒಂದು ಪಾಲು ಮಾತ್ರ. ಮಿಕ್ಕ ಏಳು ಪಾಲು ಎಲ್ಲಿಂದ ಬಂತೆಂದು ಪತ್ತೆ ಇಲ್ಲ. ಸೋಲೊ ಅದಕ್ಕೆ ತಾಂತ್ರಿಕ ಬದಲಾವಣೆ ಎಂಬ ಹೆಸರಿಟ್ಟ. ಅದಕ್ಕೆ ಒಂದು ವರ್ಷ ಮೊದಲೇ ಮೋಸಸ್ ಅಬ್ರಮೊವಿಟ್ಜ್ ಇಂಥದೇ ಉಳಿಕೆಯೊಂದನ್ನು ಕಂಡು, ಇದು ನಮ್ಮ ಅಜ್ಞಾನದ ಅಳತೆ ಎಂದು ನೇರವಾಗಿ ಒಪ್ಪಿಕೊಂಡಿದ್ದ.

1960ರ ಡಿಸೆಂಬರ್‌ನಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞರ ಸಂಘದ ಅಧ್ಯಕ್ಷನಾಗಿ ಭಾಷಣಕ್ಕೆ ನಿಂತ ಶುಲ್ಟ್ಸ್, ಆ ಉಳಿಕೆಯ ದೊಡ್ಡ ಪಾಲು ಜನರ ತಲೆಯಲ್ಲಿದೆ ಎಂದ. ಬಾಂಬು ಬಿದ್ದು ನೆಲಸಮವಾದ ಜರ್ಮನಿ, ಜಪಾನ್‌ಗಳು ಅಷ್ಟು ಬೇಗ ಎದ್ದು ನಿಂತದ್ದೇಕೆ? ಕಾರ್ಖಾನೆ ಸುಟ್ಟಿತ್ತು, ಕಾರ್ಖಾನೆ ನಡೆಸುವ ವಿದ್ಯೆ ಸುಟ್ಟಿರಲಿಲ್ಲ. ಮನುಷ್ಯರನ್ನು ಬಂಡವಾಳ ಎಂದು ಕರೆಯಲು ಅನೇಕರಿಗೆ ಮುಜುಗರವಿರುವುದು ಅವನಿಗೆ ಗೊತ್ತಿತ್ತು. ಜನರನ್ನು ಸಂತೆಯಲ್ಲಿ ಮಾರಿದ ದೇಶ ಅದು. ಆ ಮುಜುಗರವನ್ನೂ ಭಾಷಣದಲ್ಲೇ ಎತ್ತಿಕೊಂಡು, ತನ್ನಲ್ಲಿ ತಾನೇ ಹಣ ಹೂಡುವ ಮನುಷ್ಯನ ಆಯ್ಕೆಗಳು ಕಿರಿದಾಗುವುದಿಲ್ಲ, ಹಿಗ್ಗುತ್ತವೆ ಎಂದು ವಾದಿಸಿದ. 1964ರಲ್ಲಿ ಗ್ಯಾರಿ ಬೆಕರ್ ‘ಮಾನವ ಬಂಡವಾಳ’ ಎಂಬ ಹೆಸರಿನಲ್ಲೇ ಪುಸ್ತಕ ಬರೆದ. ಶಾಲೆಯಲ್ಲಿ ಕಳೆದ ಒಂದೊಂದು ವರ್ಷಕ್ಕೂ ಸಂಬಳ ಎಷ್ಟು ಏರುತ್ತದೆ ಎಂದು ಹೇಳುವ ಸೂತ್ರವನ್ನು ಜೇಕಬ್ ಮಿನ್ಸರ್ ಕೊಟ್ಟ. ಇವತ್ತಿಗೂ ಜಗತ್ತಿನೆಲ್ಲೆಡೆ ಅದೇ ಸೂತ್ರದ ಬಳಕೆ.

ಆದರೆ ಸಂಬಳ ಎಂಬ ಆ ಅಳತೆಗೋಲಿನಲ್ಲೇ ಒಂದು ತೊಡಕಿತ್ತು. ಓದಿದವನಿಗೆ ಹೆಚ್ಚು ಸಂಬಳ ಸಿಗುವುದು ನಿಜ. ಹಾಗೆಂದ ಮಾತ್ರಕ್ಕೆ ಆತ ಹೆಚ್ಚು ಕೆಲಸ ಮಾಡಿಕೊಡುತ್ತಾನೆ ಎನ್ನಲು ಬಂದೀತೇ?

ಬಾರದು ಎಂದು ಹೇಳಿದವರಲ್ಲಿ ಮೊದಲು ಗದ್ದಲ ಎಬ್ಬಿಸಿದವನು ಸಮಾಜಶಾಸ್ತ್ರಜ್ಞ ಐವರ್ ಬರ್ಗ್. 1970ರಲ್ಲಿ ಬಂದ ಅವನ ಪುಸ್ತಕದ ಉಪಶೀರ್ಷಿಕೆಯಲ್ಲೇ ‘ದರೋಡೆ’ ಎಂಬ ಪದವಿತ್ತು. ಬರ್ಗ್ ಸಂಬಳದ ಪಟ್ಟಿ ಬಿಟ್ಟು ಕೆಲಸದ ದಾಖಲೆಗಳನ್ನೇ ತೆರೆದ. ವಿಮೆ ಮಾರುವವರು ಎಷ್ಟು ಪಾಲಿಸಿ ಮಾರಿದರು, ಬಟ್ಟೆ ಗಿರಣಿಯ ಹೆಂಗಸರ ಉತ್ಪಾದನೆ ಎಷ್ಟು, ವಿಮಾನ ಸಂಚಾರ ನಿಯಂತ್ರಕರಲ್ಲಿ ಇಲಾಖೆಯ ಮೆಚ್ಚುಗೆ ಪಡೆದವರು ಯಾರು ಎಂದು ಒಂದೊಂದಾಗಿ ನೋಡಿದ. ಹೆಚ್ಚು ಓದಿದವರು ಮುಂದಿದ್ದಾರೆ ಎನ್ನುವ ಗುರುತು ಸಿಗಲಿಲ್ಲ. ಕೆಲವು ಕಡೆ ಕಡಿಮೆ ಓದಿದವರೇ ಮೇಲು. ಓದಿದವರಿಗೆ ಬೇಸರ ಬೇಗ, ಕೆಲಸ ಬಿಡುವುದೂ ಬೇಗ.

ಮರುವರ್ಷ ಇದೇ ಪ್ರಶ್ನೆ ಅಮೆರಿಕದ ಸುಪ್ರೀಂ ಕೋರ್ಟಿನ ಕಟಕಟೆ ಏರಿತು. ನಾರ್ತ್ ಕ್ಯಾರೊಲಿನಾದ ಡ್ರೇಪರ್‌ನಲ್ಲಿ ಡ್ಯೂಕ್ ಪವರ್ ಕಂಪನಿಯ ಕಲ್ಲಿದ್ದಲ ವಿದ್ಯುತ್ ಸ್ಥಾವರ, ಡ್ಯಾನ್ ರಿವರ್. ಅಲ್ಲಿ 95 ನೌಕರರು, ಅವರಲ್ಲಿ 14 ಮಂದಿ ಕಪ್ಪು ಜನ. ಆ 14 ಮಂದಿಯೂ ‘ಲೇಬರ್’ ವಿಭಾಗದಲ್ಲೇ. ಗುಡಿಸುವ, ಹೊರುವ ಆ ವಿಭಾಗದ ಅತಿ ಹೆಚ್ಚಿನ ಕೂಲಿ ಮಿಕ್ಕ ನಾಲ್ಕು ವಿಭಾಗಗಳ ಅತಿ ಕಡಿಮೆ ಕೂಲಿಗಿಂತಲೂ ಕೆಳಗೆ. 1955ರಲ್ಲೇ ಕಂಪನಿ ಒಳ್ಳೆಯ ವಿಭಾಗಗಳಿಗೆ ಹೈಸ್ಕೂಲ್ ಪಾಸಾಗಿರಬೇಕೆಂಬ ನಿಯಮ ತಂದಿತ್ತು. 1965ರಲ್ಲಿ ಕಾನೂನಿನ ಭಯಕ್ಕೆ ಬಣ್ಣದ ಬೇಲಿ ತೆಗೆಯಬೇಕಾಗಿ ಬಂದಾಗ ಲೇಬರ್ ವಿಭಾಗದಿಂದ ಮೇಲೇರುವವರಿಗೂ ಅದೇ ನಿಯಮ ಅಂಟಿಸಿತು. ಜೊತೆಗೆ ಎರಡು ಸಾಮರ್ಥ್ಯ ಪರೀಕ್ಷೆ. ಅದರಲ್ಲೊಂದು ಹನ್ನೆರಡು ನಿಮಿಷದಲ್ಲಿ ಐವತ್ತು ಪ್ರಶ್ನೆ ಬಿಡಿಸುವಂಥದ್ದು. ಕಲ್ಲಿದ್ದಲು ನೂಕುವವನು ಹನ್ನೆರಡು ನಿಮಿಷದಲ್ಲಿ ಐವತ್ತು ಪ್ರಶ್ನೆ ಯಾಕೆ ಬಿಡಿಸಬೇಕೋ ಯಾರೂ ಕೇಳಿರಲಿಲ್ಲ. 1960ರ ಜನಗಣತಿಯ ಪ್ರಕಾರ ಆ ರಾಜ್ಯದಲ್ಲಿ ಹೈಸ್ಕೂಲ್ ಮುಗಿಸಿದ್ದ ಬಿಳಿ ಗಂಡಸರು ಶೇ 34, ಕಪ್ಪು ಗಂಡಸರು ಶೇ 12.

ಆ ಹದಿನಾಲ್ವರಲ್ಲಿ ಹದಿಮೂರು ಜನ ಮೊಕದ್ದಮೆ ಹೂಡಿದರು. ಕಂಪನಿಯ ಕೈಕಟ್ಟಿದ್ದು ಅದರದೇ ದಫ್ತರ. 1955ಕ್ಕೆ ಮೊದಲೇ ಸೇರಿದ್ದ, ಹೈಸ್ಕೂಲ್ ಮುಗಿಸದ ಬಿಳಿ ನೌಕರರು ಅದೇ ಒಳ್ಳೆಯ ವಿಭಾಗಗಳಲ್ಲಿ ಏನೂ ಕೊರತೆಯಿಲ್ಲದೆ ಕೆಲಸ ಮಾಡಿಕೊಂಡು, ಬಡ್ತಿಯನ್ನೂ ಪಡೆಯುತ್ತ ಬಂದಿದ್ದರು. ನಿಯಮದಿಂದ ಕೆಲಸಗಾರರ ಗುಣಮಟ್ಟ ಒಟ್ಟಾರೆ ಸುಧಾರಿಸೀತೆಂದು ಅಂದುಕೊಂಡಿದ್ದೆವು ಎಂಬುದಕ್ಕಿಂತ ಹೆಚ್ಚಿನದೇನನ್ನೂ ಕಂಪನಿಯ ಅಧಿಕಾರಿಗೆ ಹೇಳಲಾಗಲಿಲ್ಲ. 1971ರ ಮಾರ್ಚ್ 8ರಂದು ಮುಖ್ಯ ನ್ಯಾಯಮೂರ್ತಿ ವಾರೆನ್ ಬರ್ಗರ್ ತೀರ್ಪು ಓದಿದರು. ಕೆಲಸಕ್ಕೂ ಸರ್ಟಿಫಿಕೇಟಿಗೂ ಸಂಬಂಧವಿದೆ ಎಂದು ತೋರಿಸಿಕೊಡುವ ಹೊಣೆ ಕೆಲಸ ಕೊಡುವವನದು ಎಂದಾಯಿತು.

ಎರಡು ವರ್ಷ ಕಳೆದು ಮೈಕೆಲ್ ಸ್ಪೆನ್ಸ್ ಎಂಬ ತರುಣ ಇನ್ನೂ ಕಟುವಾದದ್ದನ್ನು ಗಣಿತದಲ್ಲಿ ತೋರಿಸಿದ. ಶಾಲೆ ಏನನ್ನೂ ಕಲಿಸದಿದ್ದರೂ ಓದಿದವನಿಗೆ ಹೆಚ್ಚು ಸಂಬಳ ಸಿಗುವುದು ಸಾಧ್ಯ. ಜಾಣನಿಗೆ ಓದು ಸುಲಭ, ದಡ್ಡನಿಗೆ ಕಷ್ಟ. ಎದುರಿಗೆ ಕೂತ ಹುಡುಗ ಯಾವ ಬಗೆಯವನೋ ಮಾಲೀಕನಿಗೆ ತಿಳಿಯದು. ಡಿಗ್ರಿ ಇದ್ದರೆ ಜಾಣನೇ ಇರಬೇಕೆಂದು ಸಂಬಳ ಹೆಚ್ಚಿಸುತ್ತಾನೆ. ಡಿಗ್ರಿ ಇಲ್ಲಿ ಹಣೆಯ ನಾಮದಂತೆ, ಭಕ್ತಿ ಒಳಗೆ ಇದೆಯೋ ಇಲ್ಲವೋ ಬೇರೆ ಮಾತು. ನಾಮ ಎಲ್ಲರೂ ಇಟ್ಟುಕೊಳ್ಳತೊಡಗಿದರೆ ಇನ್ನೂ ಉದ್ದ ಎಳೆಯಬೇಕಾಗುತ್ತದೆ. ಉತ್ತರ ಪ್ರದೇಶದ ಸಚಿವಾಲಯ 2015ರಲ್ಲಿ 368 ಜವಾನರ ಹುದ್ದೆಗೆ ಅರ್ಜಿ ಕರೆದಾಗ ಬೇಕಾಗಿದ್ದದ್ದು ಐದನೇ ತರಗತಿ ಪಾಸು, ಸೈಕಲ್ ತುಳಿಯಲು ಬರಬೇಕು, ಅಷ್ಟೇ. ಬಂದ ಅರ್ಜಿ 23 ಲಕ್ಷ. ಅದರಲ್ಲಿ ಪಿಎಚ್‌ಡಿ ಆದವರೇ 250ಕ್ಕೂ ಮೇಲೆ.

ಹೀಗೆ ವಾದ ಎರಡು ಕವಲಾಗಿ ನಿಂತಿತು. ಸಂಬಳ ನೋಡಿದರೆ ಎರಡೂ ಸರಿ. ಓದು ಕೈಕೆಲಸವನ್ನು ಚುರುಕುಗೊಳಿಸಿದ್ದರೂ ಸಂಬಳ ಹೆಚ್ಚು, ಮಾಲೀಕನ ಕಣ್ಣಿಗೆ ಮಣ್ಣೆರಚಿದ್ದರೂ ಸಂಬಳ ಹೆಚ್ಚು. ಇದನ್ನು ಬಿಡಿಸಬೇಕಾದರೆ ಮಾಲೀಕನೇ ಇಲ್ಲದ, ಸಂದರ್ಶನವೇ ನಡೆಯದ, ಆದರೂ ದುಡಿಮೆಯ ಫಲವನ್ನು ತೂಗಿ ನೋಡಬಹುದಾದ ಒಂದು ಜಾಗ ಬೇಕಿತ್ತು. ಅಂಥ ಜಾಗ ಹೊಲ. ಬೇಸಾಯಗಾರ ಗೋಧಿಗೆ ಮಾರ್ಕ್ಸ್ ಕಾರ್ಡ್ ತೋರಿಸಿ ಹೆಚ್ಚು ಇಳುವರಿ ಪಡೆಯಲಾರ.

ಆದರೆ ಹೊಲದಿಂದ ಬಂದ ಮೊದಲ ಸುದ್ದಿ ಶುಲ್ಟ್ಸ್‌ಗೆ ಅನುಕೂಲವಾಗಿರಲಿಲ್ಲ. ತಮಾಷೆಯೆಂದರೆ ಅದನ್ನು ಜಗತ್ತಿಗೆ ಸಾರಿದವನೂ ಅವನೇ. 1950ರ ದಶಕದಲ್ಲಿ ಡೇವಿಡ್ ಹಾಪರ್ ಎಂಬ ಕೆನಡಾದ ತರುಣ ಉತ್ತರ ಪ್ರದೇಶದ ಜೌನ್‌ಪುರ ಜಿಲ್ಲೆಯ ಸೇನಾಪುರದಲ್ಲಿ ಬಂದು ನೆಲೆಸಿದ್ದ. ಬಾರ್ಲಿ, ಗೋಧಿ, ಬಟಾಣಿ, ಕಡಲೆ ಬೆಳೆಯುವ ಹೊಲಗಳಲ್ಲಿ ಎತ್ತಿನ ದುಡಿಮೆ ಎಷ್ಟು, ಆಳಿನ ದುಡಿಮೆ ಎಷ್ಟು, ಬಾವಿಯ ನೀರೆಷ್ಟು, ಯಾವುದು ಯಾವ ಬೆಳೆಗೆ ಹೋಯಿತು ಎಂದು ಬರೆದಿಟ್ಟ. ಕೊನೆಗೆ ಕೂಡಿಸಿ ಕಳೆದು ನೋಡಿದರೆ, ಆ ಊರಿನ ರೈತರು ಇದ್ದದ್ದನ್ನು ಹಂಚಿದ್ದ ರೀತಿಯಲ್ಲಿ ತಿದ್ದುವಂಥದ್ದು ಹೆಚ್ಚೇನೂ ಉಳಿದಿರಲಿಲ್ಲ. ಅವರ ಹಂಚಿಕೆಯಿಂದ ಲೆಕ್ಕ ಹಾಕಿದ ಬೆಲೆಗಳೂ ಪೇಟೆಯ ಬೆಲೆಗಳೂ ಹತ್ತಿರ ಹತ್ತಿರ ಹೊಂದುತ್ತಿದ್ದವು. ಶಾಲೆಯ ಮೆಟ್ಟಿಲು ಹತ್ತದ ಕೈಗಳು ಅರ್ಥಶಾಸ್ತ್ರದ ಪಠ್ಯ ಹೇಳುವಂತೆಯೇ ಬೇಸಾಯ ಮಾಡುತ್ತಿದ್ದವು. ಹಳ್ಳಿಯವರು ಬಡವರು, ಆದರೆ ದಡ್ಡರಲ್ಲ ಎಂದು ವಾದಿಸಿದ 1964ರ ತನ್ನ ಪುಸ್ತಕದಲ್ಲಿ ಶುಲ್ಟ್ಸ್ ಸೇನಾಪುರವನ್ನು ಸಾಕ್ಷಿಗೆ ಕರೆದ.

ಹಾಗಾದರೆ ಓದಿಗೆ ಅಲ್ಲಿ ಮಾಡಲು ಏನು ಕೆಲಸ? ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ಮಗನಿಗೆ ಬಂದ ತಿಳಿವಳಿಕೆಯೇ ಪಕ್ಕಾ ಇರುವಾಗ ಐದನೇ ತರಗತಿ ಪಾಸಾದವನು ಹೆಚ್ಚೇನು ಬೆಳೆದಾನು?

ಉತ್ತರದ ತುದಿ ಸಿಕ್ಕಿದ್ದು 1970ರಲ್ಲಿ, ಫಿನಿಸ್ ವೆಲ್ಚ್ ಎಂಬ ಟೆಕ್ಸಾಸ್‌ನವನಿಗೆ. ಓದಿನಿಂದ ಎರಡು ಬೇರೆ ಬೇರೆ ಲಾಭ ಇರಬಹುದು ಎಂದ ಆತ. ಒಂದು, ಕೊಟ್ಟ ಕೆಲಸವನ್ನು ಹೆಚ್ಚು ಚೆನ್ನಾಗಿ ಮಾಡುವುದು. ಇನ್ನೊಂದು, ಯಾವ ಕೆಲಸಕ್ಕೆ ಏನನ್ನು ಎಷ್ಟು ಹಾಕಬೇಕು ಎಂದು ನಿರ್ಧರಿಸುವುದು. ಮೊದಲನೆಯದನ್ನು ಅನುಭವವೇ ಕಲಿಸೀತು. ಎರಡನೆಯದೂ ಅನುಭವದಿಂದಲೇ ಬರುತ್ತದೆ, ಆದರೆ ಲೋಕ ಬದಲಾಗದೆ ನಿಂತಿದ್ದರೆ ಮಾತ್ರ. ಕೃಷಿ ಸಂಶೋಧನೆ ಹೊಸ ಹೊಸದನ್ನು ತಂದು ಸುರಿಯುತ್ತಿದ್ದ ಕಡೆಯಲ್ಲಿ ಅಮೆರಿಕದ ಓದಿದ ರೈತನ ಓದಿಗೆ ಬೆಲೆ ಹೆಚ್ಚಿದ್ದದ್ದು ವೆಲ್ಚ್‌ನ ಲೆಕ್ಕದಲ್ಲಿ ಕಂಡಿತು.

ಅದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿದ್ದು 1974ರಲ್ಲಿ ವಾಲೆಸ್ ಹಫ್ಮನ್. 1960ರ ಆಸುಪಾಸಿನಲ್ಲಿ ಅಮೆರಿಕದ ಮೆಕ್ಕೆಜೋಳದ ಸೀಮೆಯಲ್ಲಿ ಸಾರಜನಕ ಗೊಬ್ಬರದ ಬೆಲೆ ಇಳಿಯುತ್ತ ಬಂತು. ಬೆಲೆ ಇಳಿದರೆ ಎಕರೆಗೆ ಹೆಚ್ಚು ಹಾಕುವುದೇ ಲಾಭ. ಎಲ್ಲ ರೈತರೂ ಕೊನೆಗೆ ಆ ಹೊಸ ಪ್ರಮಾಣದ ಕಡೆಗೇ ಸರಿಯುತ್ತಾರೆ. ಪ್ರಶ್ನೆ ಇರುವುದು ಎಷ್ಟು ಬೇಗ ಎಂಬುದರಲ್ಲಿ. ಹೆಚ್ಚು ಓದಿದವರು ಬೇಗ ಸರಿದರು. ಗೊಬ್ಬರ ಎರಚುವ ಕೈಯಲ್ಲಿ ಓದಿದವನಿಗೂ ಓದದವನಿಗೂ ವ್ಯತ್ಯಾಸವಿಲ್ಲ. ಬೆಲೆ ಬದಲಾದ ಸುದ್ದಿ ಹಿಡಿದು ಹಳೆಯ ಅಭ್ಯಾಸ ಬಿಡುವುದರಲ್ಲಿ ಇದೆ. ಎಪ್ಪತ್ತು ದಾಟಿದ್ದ ಶುಲ್ಟ್ಸ್ ಇವನ್ನೆಲ್ಲ ಒಟ್ಟುಗೂಡಿಸಿ 1975ರಲ್ಲಿ ಒಂದು ಲೇಖನ ಬರೆದ. ತಾಳ ತಪ್ಪಿದ ಹೊತ್ತಿನಲ್ಲಿ ಸಾವರಿಸಿಕೊಂಡು ಮತ್ತೆ ತಾಳಕ್ಕೆ ಬರುವ ಶಕ್ತಿ ಎಲ್ಲರಲ್ಲೂ ಇದೆ, ಶಾಲೆ ಅದನ್ನು ಹೆಚ್ಚಿಸುತ್ತದೆ ಎಂಬುದು ಅದರ ತಿರುಳು. ನನ್ನ ಮಟ್ಟಿಗೆ 1960ರ ಪ್ರಖ್ಯಾತ ಭಾಷಣಕ್ಕಿಂತ ಇದೇ ದೊಡ್ಡ ಲೇಖನ.

ಇದಕ್ಕೆ ದೊಡ್ಡ ಪರೀಕ್ಷೆ ನಡೆದದ್ದು ಮಾತ್ರ ಭಾರತದ ಹೊಲಗಳಲ್ಲಿ. 1966ರಲ್ಲಿ ಮೆಕ್ಸಿಕೊದಿಂದ 18,000 ಟನ್ ಗಿಡ್ಡ ತಳಿಯ ಗೋಧಿ ಬೀಜ ಹಡಗಿನಲ್ಲಿ ಬಂತು. ಆ ಬೀಜದ ಸ್ವಭಾವವೇ ಬೇರೆ. ಎತ್ತರಕ್ಕೆ ಬೆಳೆಯುವ ದೇಸಿ ಗೋಧಿಯನ್ನು ತೇವ ಹುಡುಕಿಕೊಂಡು ಆಳಕ್ಕೆ ಬಿತ್ತುವುದು ರೂಢಿ. ಗಿಡ್ಡ ತಳಿಯ ಮೊಳಕೆ ಮೋಟು. ಅಷ್ಟು ಆಳದಿಂದ ಮೇಲೆ ಬರಲಾರದೆ ಮಣ್ಣಿನಲ್ಲೇ ಸಾಯುತ್ತದೆ, ಅದನ್ನು ನಾಲ್ಕೈದು ಸೆಂಟಿಮೀಟರ್ ಆಳಕ್ಕಷ್ಟೇ ಬಿತ್ತಬೇಕು. ಬಿತ್ತಿ ಮೂರು ವಾರಕ್ಕೆ, ಬುಡದಲ್ಲಿ ಕಿರೀಟ ಬೇರು ಒಡೆಯುವ ಹೊತ್ತಿಗೆ ಸರಿಯಾಗಿ ಮೊದಲ ನೀರು ಹಾಯಿಸಬೇಕು. ತಡವಾದರೆ ಇಳುವರಿ ಖೋತಾ. ಗೊಬ್ಬರ ಹೆಚ್ಚು ಕೊಟ್ಟರೆ ದೇಸಿ ಗೋಧಿ ಉದ್ದ ಬೆಳೆದು ಮಲಗಿಬಿಡುತ್ತಿತ್ತು, ಇದು ಮಲಗದೆ ತೆನೆ ತುಂಬುತ್ತದೆ. ಅಜ್ಜ ಹೇಳಿಕೊಟ್ಟ ಮೂರು ಮಾತಿನಲ್ಲಿ ಮೂರೂ ಇಲ್ಲಿ ತಲೆಕೆಳಗು.

ಅದೃಷ್ಟಕ್ಕೆ ಅದೇ ಹೊತ್ತಿನಲ್ಲಿ, 1968ರಿಂದ 1971ರವರೆಗೆ, ರಾಷ್ಟ್ರೀಯ ಅನ್ವಯಿಕ ಆರ್ಥಿಕ ಸಂಶೋಧನಾ ಮಂಡಳಿಯ ಗಣತಿದಾರರು ನಾಲ್ಕು ಸಾವಿರಕ್ಕೂ ಹೆಚ್ಚು ಗ್ರಾಮೀಣ ಕುಟುಂಬಗಳ ಮನೆಗೆ ವರ್ಷ ವರ್ಷವೂ ಹೋಗಿ ಆದಾಯ, ಬೆಳೆ, ಬೀಜ, ಓದು ಎಲ್ಲವನ್ನೂ ಬರೆದುಕೊಂಡಿದ್ದರು. ಆ ಕಡತಗಳನ್ನು ಆಂಡ್ರ್ಯೂ ಫಾಸ್ಟರ್ ಮತ್ತು ಮಾರ್ಕ್ ರೋಸೆನ್‌ಜ್ವೈಗ್ ಕಾಲು ಶತಮಾನದ ನಂತರ ಮತ್ತೆ ಬಿಚ್ಚಿ 1996ರಲ್ಲಿ ಫಲ ಪ್ರಕಟಿಸಿದರು. ಹೊಸ ತಳಿ ಹೊಂದುವ ನೆಲವಿದ್ದ ಪ್ರದೇಶಗಳಲ್ಲಿ ಪ್ರಾಥಮಿಕ ಶಾಲೆ ಓದಿದ ರೈತರ ಲಾಭ ಓದದ ನೆರೆಯವರಿಗಿಂತ ಎದ್ದು ಕಾಣುವಷ್ಟು ಏರಿತ್ತು. ಹೊಸ ತಳಿ ಒಗ್ಗದ ಕಡೆ ಓದಿನ ಆ ಮೇಲುಗೈ ಕಾಣಲಿಲ್ಲ. ದೇಶ ಒಂದೇ, ಓದಿನ ಮಟ್ಟವೂ ಒಂದೇ. ಬೇರೆಯಾಗಿದ್ದದ್ದು ಹೊಲಕ್ಕೆ ಹೊಸದು ಬಂದಿತ್ತೋ ಇಲ್ಲವೋ ಎಂಬುದು. ಇನ್ನೊಂದು ಸಂಗತಿಯನ್ನೂ ಅವರು ಕಂಡರು. ಹೊಸ ಬೀಜ ಫಲ ಕೊಟ್ಟ ಕಡೆಯಲ್ಲೇ ತಂದೆತಾಯಿಗಳು ಮಕ್ಕಳನ್ನು ಹೆಚ್ಚಾಗಿ ಶಾಲೆಗೆ ಕಳಿಸತೊಡಗಿದ್ದರು. ಓದಿನ ಮಹತ್ವದ ಬಗ್ಗೆ ಯಾರ ಭಾಷಣವನ್ನೂ ಅವರು ಕೇಳಬೇಕಾಗಿರಲಿಲ್ಲ, ಪಕ್ಕದ ಹೊಲ ಕಾಣುತ್ತಿತ್ತು.

ಹೊಲದಲ್ಲಿ ಕಂಡದ್ದು ಕಾರ್ಖಾನೆಯಲ್ಲೂ ಕಾಣುತ್ತದೆಯೇ? ಕೊಲಂಬಿಯಾ ವಿಶ್ವವಿದ್ಯಾಲಯದ ಆನ್ ಬಾರ್ಟೆಲ್ ಮತ್ತು ಫ್ರಾಂಕ್ ಲಿಕ್ಟೆನ್‌ಬರ್ಗ್ 1987ರಲ್ಲೇ ಅಮೆರಿಕದ 61 ಬಗೆಯ ತಯಾರಿಕಾ ಉದ್ಯಮಗಳನ್ನು ನೋಡಿದ್ದರು. ಯಂತ್ರಗಳು ಹೊಸದಾಗಿದ್ದ ಕಡೆ ಓದಿದವರಿಗೆ ಬೇಡಿಕೆ ಹೆಚ್ಚು, ಯಂತ್ರ ಹಳತಾಗುತ್ತ ಹೋದಂತೆ ಆ ಬೇಡಿಕೆ ಇಳಿಮುಖ. ಹೊಸ ಯಂತ್ರ ಬಂದಾಗ ಅದನ್ನು ಪಳಗಿಸುವವರೆಗೆ ಓದಿದವನು ಬೇಕು, ಪಳಗಿದ ಮೇಲೆ ಯಾರಾದರೂ ನಡೆಸಿಯಾರು.

ಇದನ್ನು ಕೈಯಲ್ಲಿಟ್ಟುಕೊಂಡು ಹಿಂದಿರುಗಿ ನೋಡಿದರೆ ಬರ್ಗ್‌ನ ದಾಖಲೆಗಳೂ ಡ್ಯಾನ್ ರಿವರ್ ಸ್ಥಾವರವೂ ಬೇರೆಯಾಗಿ ಕಾಣುತ್ತವೆ. ವರ್ಷಗಟ್ಟಲೆ ಅದೇ ಬಾಯ್ಲರ್, ಅದೇ ಕಲ್ಲಿದ್ದಲು, ಅದೇ ಪಾಳಿ. ಆ ಬಿಳಿ ನೌಕರರು ಸೇನಾಪುರದ ರೈತರಂತೆಯೇ ತಮ್ಮ ಕೆಲಸವನ್ನು ಅರೆದು ಕುಡಿದಿದ್ದರು. ಫ್ರಾಂಕ್ ಶ್ಮಿಟ್ ಮತ್ತು ಜಾನ್ ಹಂಟರ್ ಎಂಬ ಮನಶ್ಶಾಸ್ತ್ರಜ್ಞರು 1998ರಲ್ಲಿ 85 ವರ್ಷಗಳ ಸಂಶೋಧನೆಗಳನ್ನು ಒಟ್ಟು ಮಾಡಿ, ನೇಮಕಾತಿಯಲ್ಲಿ ಯಾವುದನ್ನು ನೋಡಿದರೆ ಮುಂದಿನ ಕೆಲಸದ ಗುಣ ಎಷ್ಟು ಗೊತ್ತಾಗುತ್ತದೆ ಎಂದು ಪಟ್ಟಿ ಮಾಡಿದರು. ಏನೂ ಸಂಬಂಧವಿಲ್ಲದಿದ್ದರೆ 0, ಪೂರಾ ಹೊಂದಿದರೆ 1 ಎಂಬ ಅಳತೆಯಲ್ಲಿ, ಕೆಲಸದ ಒಂದು ತುಣುಕನ್ನೇ ಮಾಡಿಸಿ ನೋಡಿದರೆ 0.54. ಓದಿದ ವರ್ಷ ಎಣಿಸಿದರೆ 0.10. ‘ಓದು ಒಕ್ಕಾಲು, ಬುದ್ಧಿ ಮುಕ್ಕಾಲು’ ಎಂದ ನಮ್ಮ ಹಿರಿಯರು ಒಕ್ಕಾಲು ಕೊಟ್ಟದ್ದೇ ಧಾರಾಳವಾಯಿತು ಎನ್ನಿಸುವಂಥ ಅಂಕಿ. ಆದರೆ ಈ 0.10 ಅನ್ನು ಎಚ್ಚರದಿಂದ ಓದಬೇಕು. ಒಂದೇ ಹುದ್ದೆಗೆ ಸೇರಿದವರನ್ನು ಅದೇ ಹುದ್ದೆಯ ಒಳಗೆ ಹೋಲಿಸಿದಾಗ ಬರುವ ಅಂಕಿ ಅದು. ಓದಿನ ಜರಡಿ ಹಿಡಿದು ಆರಿಸಿದ ಮೇಲೆ ಉಳಿದವರಲ್ಲಿ ಓದಿನ ವ್ಯತ್ಯಾಸ ಎಷ್ಟಿದ್ದೀತು? ಹುದ್ದೆಯೇ ನಾಳೆ ಮಾಯವಾಗಿ ಇನ್ನೊಂದಾದಾಗ ಯಾರು ಸಾವರಿಸಿಕೊಳ್ಳುತ್ತಾರೆ ಎಂಬುದನ್ನು ಅದು ಹೇಳುವುದೂ ಇಲ್ಲ.

ಸಂಬಳವನ್ನೂ ಉತ್ಪಾದನೆಯನ್ನೂ ಅಕ್ಕಪಕ್ಕದಲ್ಲಿಟ್ಟು ಅಳೆದ ಪ್ರಯೋಗವೊಂದು ನಡೆದದ್ದು ಬೆಂಗಳೂರಿನಲ್ಲಿ. ಗಾರ್ಮೆಂಟ್ಸ್‌ನಲ್ಲಿ ಮರೆಮಾಚಲು ಏನೂ ಇಲ್ಲ. ಗಂಟೆಗೆ ಎಷ್ಟು ಪೀಸ್, ಟಾರ್ಗೆಟ್ ಎಷ್ಟು, ಪ್ರೊಡಕ್ಷನ್ ಎಷ್ಟು, ಎಲ್ಲ ಲೆಕ್ಕಕ್ಕಿದೆ. ಕಾಲರ್ ಕೂರಿಸುವವಳು ಹಿಂದೆ ಬಿದ್ದರೆ ಇಡೀ ಬ್ಯಾಚ್ ನಿಲ್ಲುತ್ತದೆ. ಆರ್ಡರ್ ಬದಲಾದರೆ ಸ್ಟೈಲ್ ಬದಲು, ನಿನ್ನೆ ಕಫ್ ಹೊಲಿದವಳಿಗೆ ಇವತ್ತು ಬೇರೆ ಆಪರೇಷನ್. ಅಚ್ಯುತ ಅಧ್ವರ್ಯು, ನಮ್ರತಾ ಕಾಲಾ, ಅನಂತ್ ನ್ಯಶಾಧಮ್ 2013ರಲ್ಲಿ ಇಂಥ ಐದು ಕಾರ್ಖಾನೆಗಳಲ್ಲಿ, ಹೆಸರು ಕೊಟ್ಟ ಹೆಂಗಸರ ನಡುವೆ ಲಾಟರಿ ಎತ್ತಿ, ಬಂದವರಿಗೆ ಮಾತ್ರ ಸುಮಾರು 80 ಗಂಟೆಗಳ ತರಗತಿ ನಡೆದದ್ದನ್ನು ಹಿಂಬಾಲಿಸಿದರು. ಅಲ್ಲಿ ಹೊಲಿಗೆ ಹೇಳಿಕೊಡಲಿಲ್ಲ. ಸೂಪರ್‌ವೈಸರ್ ಎದುರು ಮಾತನಾಡುವುದು, ಸಮಯ ಹೊಂದಿಸುವುದು, ಸಮಸ್ಯೆ ಎದುರಾದಾಗ ಕೇಳಿ ಬಿಡಿಸಿಕೊಳ್ಳುವುದು, ಇಂಥವು. ಲಾಟರಿಯಾದ್ದರಿಂದ ಸ್ಪೆನ್ಸ್‌ನ ನಾಮದ ಅನುಮಾನಕ್ಕೆ ಇಲ್ಲಿ ಎಡೆಯಿರಲಿಲ್ಲ, ಚುರುಕಾದವರಷ್ಟೇ ಒಳಗೆ ಬಂದರು ಎನ್ನುವಂತಿಲ್ಲ.

ತರಗತಿಗೆ ಹೋದವರು ಹೆಚ್ಚು ಕಷ್ಟದ ಆಪರೇಷನ್‌ಗಳಿಗೆ ಏರಿದರು. ಅವರ ಪಕ್ಕದ ಮಷಿನ್‌ನಲ್ಲಿ ಕೂತು ತರಗತಿಯನ್ನೇ ಕಾಣದವರ ಕೆಲಸವೂ ಸುಧಾರಿಸಿತು. 2018ರ ಮೊದಲ ವರದಿಯ ಪ್ರಕಾರ ತರಗತಿಯವರ ಉತ್ಪಾದಕತೆ ಮಿಕ್ಕವರಿಗಿಂತ ಶೇ 20ರಷ್ಟು ಮೇಲೆ, ಕಂಪನಿ ಹಾಕಿದ ದುಡ್ಡಿಗೆ, ತರಗತಿ ಮುಗಿದು ಎಂಟು ತಿಂಗಳಾಗುವಷ್ಟರಲ್ಲಿ ಬಂದ ಪ್ರತಿಫಲ ಶೇ 250 ದಾಟಿತ್ತು. ಆ ಹೆಂಗಸರ ಸಂಬಳ ಏರಿದ್ದು ಶೇ 0.5ರಷ್ಟು. ಮಿನ್ಸರ್‌ನ ಹಾಗೆ ಸಂಬಳದ ಚೀಟಿ ಮಾತ್ರ ನೋಡಿ ಅಳೆದಿದ್ದರೆ, ಈ ಕಲಿಕೆಯಿಂದ ಏನೂ ಆಗಲಿಲ್ಲವೆಂದೇ ಬರೆದು ಕಡತ ಮುಚ್ಚಬೇಕಾಗುತ್ತಿತ್ತು.